ಸರಿ, ತಪ್ಪು, ಹೇಳಿಲ್ಲ

ಆಂಡರ್ಸನ್‌ಪೇಟೆ
೧೦ ಜೂನ್ ೨೦೨೪, ಸೋಮವಾರ

ರಾಧ,

ಇವತ್ತು ಬೆಳಿಗ್ಗೆ ಹತ್ತೂವರೆಗೆ, ಹದಿನಾಲ್ಕು ವಿದ್ಯಾರ್ಥಿಗಳ ಎದುರಿಗೆ, ನನ್ನ ತರಗತಿಯ ಸ್ಪೀಕರಿನಲ್ಲಿ ನಿನ್ನ ಧ್ವನಿ ಕೇಳಿದೆ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.

ನಡೆದದ್ದು ಇಷ್ಟು. ಈ ತಂಡದಲ್ಲಿ ಶ್ರೀಧರ್ ಎಂಬಾತ ಇದ್ದಾನೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಾನೆ. ಅವನ ಇಂಗ್ಲಿಷಿನ ವ್ಯಾಕರಣದಲ್ಲಿ ತಿದ್ದಲು ಏನೂ ಸಿಗುವುದಿಲ್ಲ. ಆದರೆ ಎದುರಿನವರು ಮಾತು ಮುಗಿಸುವ ಮುನ್ನವೇ ಉತ್ತರ ಶುರು ಮಾಡುತ್ತಾನೆ. ಅವನು ಲಿಸನಿಂಗ್, ಸ್ಪೀಕಿಂಗ್ ಪರೀಕ್ಷೆಯ ಸಿದ್ಧತೆಗೆಂದು ಬೆಂಗಳೂರಿನ ಯಾವುದೋ ಸಂಸ್ಥೆಯ ಆ್ಯಪ್‌ಗೆ ಸೇರಿಕೊಂಡಿದ್ದಾನೆ. 'ಮಿಸ್, ಇದ್ರಲ್ಲೊಂದು ಆಡಿಯೋ ಐತೆ, ನಮ್ ಕಡೆ ಹೆಂಗಸು ಇಂಗ್ಲಿಷ್ ಮಾತಾಡ್ದಂಗೇ ಐತೆ. ಕೇಳ್ಸಲಾ?' ಎಂದ. ಕೇಳಿಸು ಎಂದೆ.

ಮೊದಲ ವಾಕ್ಯದ ನಂತರದ ಮೌನದಲ್ಲೇ ಗುರುತಾಯಿತು. ಆ ಮೌನ ನನ್ನದು.

ನೀನು ಹೇಳಿದ್ದನ್ನು ನಮ್ಮ ತರಗತಿಯ ಕ್ರಮದಂತೆ ಮರಳಿ ಹೇಳುತ್ತೇನೆ. ಒಬ್ಬರು ತಮಗೆ ನಿಜವಾಗಿ ಆದದ್ದನ್ನು ನಾಲ್ಕು ನಿಮಿಷ ಹೇಳಬೇಕು. ಕೇಳುವವರು ಪೆನ್ನು ಮುಟ್ಟದೆ ಕೇಳಿ, 'ನಾನು' ಎಂದೇ ಅದನ್ನು ಮರಳಿ ಹೇಳಬೇಕು. ಹೇಳಿದವರು ಮೂರು ಮಾತಿನಲ್ಲಿ ಮಾತ್ರ ತಿದ್ದಬಹುದು: ಸರಿ, ತಪ್ಪು, ಹೇಳಿಲ್ಲ. ಕೇಳು.

ನನಗಾಗ ಒಂಬತ್ತು ವರ್ಷ. ನಮ್ಮ ಮನೆಯ ಹಾಲನ್ನೂ ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ಹಾಲನ್ನೂ ಡೈರಿಗೆ ಒಯ್ಯುವ ಸರದಿ ಆವತ್ತು ನಮ್ಮದು. ಅಮ್ಮ ಎರಡು ಕ್ಯಾನುಗಳನ್ನೂ ನನ್ನ ಕೈಗೆ ಕೊಟ್ಟಳು. ಕೆರೆಯ ಕಟ್ಟೆಯ ಮೇಲೆ ಎಡವಿದೆ. ನಮ್ಮ ಕ್ಯಾನು ಉರುಳಿ ಅರ್ಧಕ್ಕಿಂತ ಹೆಚ್ಚು ಹಾಲು ಮಣ್ಣುಪಾಲಾಯಿತು. ಹಿಂದೆ ಮುಂದೆ ನೋಡಿದೆ, ಯಾರೂ ಇರಲಿಲ್ಲ. ಲಕ್ಷ್ಮೀದೇವಮ್ಮನ ಕ್ಯಾನಿನಿಂದ ನಮ್ಮದಕ್ಕೆ ಸುರಿದುಕೊಂಡೆ. ಅವರದನ್ನು ದನಗಳ ತೊಟ್ಟಿಯ ನೀರಿನಿಂದ ತುಂಬಿಸಿದೆ. ಡೈರಿಯಲ್ಲಿ ಕಾರ್ಯದರ್ಶಿ ವೆಂಕಟರಾಯಪ್ಪ ಮಾಪಕ ಇಳಿಬಿಟ್ಟು ನೋಡಿದ. ಸಾಲಿನಲ್ಲಿ ನಿಂತ ಎಲ್ಲರ ಎದುರಿಗೆ ಲಕ್ಷ್ಮೀದೇವಮ್ಮನ ಹಾಲನ್ನು ಚರಂಡಿಗೆ ಚೆಲ್ಲಿದ. 'ಓಗಮ್ಮಿ, ನಿಮ್ ಲಚ್ಚುಮಿಗೇಳು, ಇದು ಡೈರಿ, ನೀರಿನ ಟ್ಯಾಂಕಲ್ಲ ಅಂತ' ಎಂದ. ಜನ ನಕ್ಕರು. ನಾನೂ ನಕ್ಕೆ. ಆವತ್ತಿನಿಂದ ಊರಿನಲ್ಲಿ ಆಕೆಗೆ ನೀರ್‌ಲಚ್ಚುಮಿ ಎಂದೇ ಹೆಸರು. ನಾನು ಯಾರಿಗೂ ಹೇಳಲಿಲ್ಲ.

ಇಲ್ಲಿಯವರೆಗೆ ಸರಿ. ಆಮೇಲೆ ನಿನ್ನ ಧ್ವನಿ ಒಂದು ವಾಕ್ಯ ಸೇರಿಸುತ್ತದೆ: 'ಈಗ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೇನೆ, ಹಗುರಾಗಿದ್ದೇನೆ.'

ಹೇಳಿಲ್ಲ.

ಕೊನೆಯಲ್ಲಿ ಎಂಟು ಪ್ರಶ್ನೆ. ತರಗತಿಯ ಜೊತೆ ನಾನೂ ಬರೆದೆ. ಎಂಟನೆಯದು, ಮಾತನಾಡುವವಳ ಈಗಿನ ಮನಃಸ್ಥಿತಿ ಏನು. ಮೂರು ಆಯ್ಕೆ: ಪಶ್ಚಾತ್ತಾಪ, ಭಯ, ನಿರಾಳ. ನಾನು ಮೊದಲನೆಯದಕ್ಕೆ ಗುರುತು ಹಾಕಿದೆ. ಸರಿಯುತ್ತರ ಮೂರನೆಯದು. ನನ್ನದೇ ಬದುಕಿನಲ್ಲಿ ನನಗೆ ಎಂಟಕ್ಕೆ ಏಳು. ಶ್ರೀಧರ್‌ಗೆ ಎಂಟಕ್ಕೆ ಎಂಟು.

ಬಿಡುವಿನಲ್ಲಿ ಅವನು ಹೇಳಿದ: 'ಆವಮ್ಮ ಬಲೇ ಕಿಲಾಡಿ ಮಿಸ್. ಮಾಡೋದೆಲ್ಲಾ ಮಾಡ್ಬುಟ್ಟು ಈಗ ಹಗುರ ಆದ್ಲಂತೆ! ಆ ಲಚ್ಚುಮಮ್ಮ ಹಗುರ ಆದ್ಲಾ, ಕೇಳಿ.' ಎಲ್ಲರೂ ನಕ್ಕರು. ಈ ತಂಡಕ್ಕೆ ನಾನಿನ್ನೂ ಆ ಕಥೆ ಹೇಳಿಲ್ಲ, ಅದು ಕೊನೆಯ ವಾರಕ್ಕೆ. ಅವರಿಗೆ ಅದು ಯಾರದೆಂದು ಗೊತ್ತಿಲ್ಲ. ನಾನೂ ನಕ್ಕೆ.

ಫೋನು ಮಾಡಬೇಡ. ನಿನ್ನ ಧ್ವನಿಯನ್ನು ಹನ್ನೊಂದು ವರ್ಷ ತಿದ್ದಿದವಳು ನಾನು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಗ್ಗಿಸಬೇಕು ಎಂದು ನಾನೇ ಕಲಿಸಿದ್ದೇನೆ. ಅದು ನನ್ನ ಮೇಲೆಯೇ ಕೆಲಸ ಮಾಡುವುದು ಬೇಡ. ಕಾಗದದಲ್ಲಿ ಬರೆ. ನಮ್ಮ ಹಳೆಯ ವಿದ್ಯಾರ್ಥಿ ಸೆಲ್ವರಾಜ್ ದಿನಾ ಮಾರಿಕುಪ್ಪಂ ರೈಲುಗಾಡಿಯಲ್ಲಿ ಬಂಗಾರಪೇಟೆಗೆ, ಅವನ ಮೆಡಿಕಲ್ ಸ್ಟೋರಿಗೆ ಬರುತ್ತಾನೆ. ಅವನ ಕೈಯಲ್ಲಿ ಕೊಡು.

ಕಲ್ಪನ

*

ಬಂಗಾರಪೇಟೆ
೧೪ ಜೂನ್ ೨೦೨೪

ಮಿಸ್,

ಸೆಲ್ವರಾಜ್ ನಿಮ್ಮ ಲಕೋಟೆ ಕೊಟ್ಟು, ತನ್ನ ತಮಿಳು ಬೆರೆತ ಕನ್ನಡದಲ್ಲಿ, 'ಎನ್ನ ಮೇಡಂ, ವಾಟ್ಸಾಪ್ ಕೆಟ್ಟೋಯ್ತಾ? ಎರಡು ಸಲ ಸ್ಪೀಕಿಂಗ್ ಫೇಲ್ ಆದೋನು ನಾನು, ಅದಕ್ಕೇ ಪಾರಿವಾಳ ಮಾಡ್ಬುಟ್ರಾ?' ಎಂದ. ನಗುತ್ತಲೇ ಒಡೆದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಜನವರಿಯಲ್ಲಿ ಆ ಸಂಸ್ಥೆಯವರು ನಮ್ಮ ಕಡೆಯ ಉಚ್ಚಾರದ ಮಾದರಿ ಧ್ವನಿ ಬೇಕೆಂದು ಕೇಳಿದರು. ಓದಿದ ಹಾಗಿರಬಾರದು, ಸ್ವಂತ ಅನುಭವ ಹೇಳಿದ ಹಾಗಿರಬೇಕು ಎಂದರು. ಮೂರು ಕಥೆ ಹೇಳಿ ಕಳಿಸಿದೆ. ಎರಡು ನನ್ನವು. ಅವರಿಗೆ ಹಿಡಿಸಿದ್ದು ಮೂರನೆಯದು. ಕೊನೆ ಸರಿಯಿಲ್ಲ, ಎಂಟನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುವುದಿಲ್ಲ, ಒಂದು ವಾಕ್ಯ ಸೇರಿಸಿ ಎಂದರು. ಸೇರಿಸಿದೆ.

ನಿಮ್ಮನ್ನು ಕೇಳಬೇಕಾಗಿತ್ತು. ಕೇಳಿದ್ದರೆ ನೀವು ಬೇಡವೆನ್ನುತ್ತಿದ್ದಿರಿ. ಅದಕ್ಕೇ ಕೇಳಲಿಲ್ಲ.

ಆದರೆ ಒಂದು ಮಾತು. ಪ್ರತಿ ತಂಡದ ಕೊನೆಯ ವಾರ ನೀವು ಹೇಳುತ್ತೀರಿ, ಮಾದರಿಗೆ ನಾನು ಮರಳಿ ಹೇಳುತ್ತೇನೆ. ಇಪ್ಪತ್ತಮೂರು ತಂಡ. ಇಪ್ಪತ್ತಮೂರು ಸಲ ನಾನು ಆ ಕಟ್ಟೆಯ ಮೇಲೆ ಎಡವಿದ್ದೇನೆ. 'ನಾನು' ಎನ್ನುವಾಗ ಬಾಯಿ ಮಾತ್ರ ಆಡಿದರೆ ಸಾಲದು, ಮೊಣಕಾಲು ನೋಯಬೇಕು ಎಂದು ಹೇಳಿಕೊಟ್ಟವರು ನೀವು. ನೋಯುತ್ತದೆ, ಮಿಸ್. ಯಾವುದು ನಿಮ್ಮದು, ಯಾವುದು ನನ್ನದು ಎಂದು ಮೈಕಿನ ಮುಂದೆ ಕೂತಾಗ ನನಗೆ ಬೇರೆ ಬೇರೆಯಾಗಿ ಕಾಣಲಿಲ್ಲ.

ತೆಗೆಯುವಂತೆ ಅವರಿಗೆ ಬರೆದಿದ್ದೇನೆ.

ನಿಮ್ಮ
ರಾಧ

*

ಆಂಡರ್ಸನ್‌ಪೇಟೆ
೨ ಜುಲೈ ೨೦೨೪

ರಾಧ,

ಹದಿನೆಂಟು ದಿನ ಉತ್ತರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ, ಎಲ್ಲದರಲ್ಲೂ ಕೂಗುತ್ತಿದ್ದೆ.

೨೦೧೩ರಲ್ಲಿ ಈ ಕೋಣೆಯನ್ನು ಬಾಡಿಗೆಗೆ ಹಿಡಿದಾಗ ಕೆಳಗೆ ಆಟೋ ಸ್ಟ್ಯಾಂಡ್ ಇದೆ, ಗಲಾಟೆ, ಪಾಠಕ್ಕೆ ಆಗುವುದಿಲ್ಲ ಎಂದರು. ಕಿಟಕಿ ತೆರೆದಿಟ್ಟೇ ಕಲಿಸಿದೆ. ಲೋಕ ಪರೀಕ್ಷೆಯ ಕೋಣೆಯಲ್ಲ, ಯಾರಿಗಾಗಿಯೂ ಸುಮ್ಮನಿರುವುದಿಲ್ಲ. ಆ ಗಲಾಟೆಯ ನಡುವೆ ಮೊದಲ ತಂಡದಲ್ಲಿ ನೀನಿದ್ದೆ. ಎಂ.ಎ. ಮಾಡಿಕೊಂಡಿದ್ದೆ, ಷೇಕ್ಸ್‌ಪಿಯರ್ ಮೇಲೆ ಹತ್ತು ಪುಟ ಬರೆಯುತ್ತಿದ್ದೆ, ಎದ್ದು ನಿಂತು ನಿನ್ನ ಹೆಸರು ಹೇಳಲಾಗುತ್ತಿರಲಿಲ್ಲ. ಒಂಬತ್ತನೆಯ ವಾರ ಮೊದಲ ಸಲ ನಾಲ್ಕು ನಿಮಿಷ ಮಾತನಾಡಿದೆ. ಏನು ಹೇಳಿದೆ ಎಂದು ನಿನಗೆ ಗೊತ್ತು, ನನಗೆ ಗೊತ್ತು. ಆ ಶನಿವಾರ ನಿನ್ನ ಎದುರಿಗೇ ರೆಕಾರ್ಡರಿನಿಂದ ಅಳಿಸಿದೆ. ವಾರದ ಕಥೆಗಳನ್ನೆಲ್ಲ ಶನಿವಾರ ಅಳಿಸುವ ನಮ್ಮ ನಿಯಮ ಹುಟ್ಟಿದ್ದೇ ಹಾಗೆ, ನಿನ್ನಿಂದ. ಆ ಕಥೆಯನ್ನು ನಾನು ಯಾರಿಗೂ ಹೇಳಿಲ್ಲ. ಈ ಕಾಗದದಲ್ಲೂ ಬರೆಯುವುದಿಲ್ಲ, ಸೆಲ್ವರಾಜ್ ಒಡೆದು ನೋಡುವವನಲ್ಲ ಎಂದು ಗೊತ್ತಿದ್ದರೂ.

ನೀನು ಹೇಳಿದ ಮರುದಿನ ನಾನು ನನ್ನದನ್ನು ಹೇಳಿದೆ. ನಿನ್ನೊಬ್ಬಳನ್ನೇ ಬರಿಗೈಯಲ್ಲಿ ನಿಲ್ಲಿಸಬಾರದೆಂದು.

ಇಂಗ್ಲಿಷಿನಲ್ಲಿ ಹೇಳಿದೆ, ಅದು ತರಗತಿಯ ನಿಯಮ. ಆದರೆ ನಿಯಮವಿರದಿದ್ದರೂ ಕನ್ನಡದಲ್ಲಿ ಹೇಳುತ್ತಿರಲಿಲ್ಲ. ಇಂಗ್ಲಿಷ್ ನನ್ನ ಊರಿನ ಯಾರೂ ಕಾಲಿಡದ ಜಾಗವಾಗಿತ್ತು. ಅಲ್ಲಿ ಡೈರಿ ಇರಲಿಲ್ಲ, ಸಾಲು ಇರಲಿಲ್ಲ. ಆ ಭಾಷೆಯಲ್ಲಿ ಲಕ್ಷ್ಮೀದೇವಮ್ಮನಿಗೆ ನನ್ನ ಮಾತು ಎಂದೂ ತಲುಪುವುದಿಲ್ಲ. ಹನ್ನೊಂದು ವರ್ಷದಲ್ಲಿ ಮುನ್ನೂರು ಜನ ಕೇಳಿದರು. ನರ್ಸುಗಳು, ಮೇಷ್ಟ್ರುಗಳು, ಒಬ್ಬ ಪೊಲೀಸ್ ಕೂಡ. ಅದು ಒಬ್ಬರಿಂದಲೂ ಹೊರಗೆ ಬೀಳಲಿಲ್ಲ. ಬಿದ್ದದ್ದು ನಿನ್ನ ಬಾಯಿಂದ.

ಮೊಣಕಾಲಿನ ಮಾತು ಬರೆದಿದ್ದೀಯ. ಮೊಣಕಾಲು ನೋಯಲಿ ಎಂದದ್ದು ನಿಜ. ಅದನ್ನು ಮನೆಗೆ ಒಯ್ಯಿ ಎನ್ನಲಿಲ್ಲ.

ಎರಡು ಪ್ರಶ್ನೆ. ವಿವರಣೆ ಬೇಡ, ಹೌದು ಅಥವಾ ಇಲ್ಲ ಎಂದರೆ ಸಾಕು. ಆ ಧ್ವನಿಮುದ್ರಣವನ್ನು ನಿನ್ನ ಬಂಗಾರಪೇಟೆಯ ತಂಡಕ್ಕೆ ಕೇಳಿಸಿದ್ದೀಯಾ? ನಮ್ಮೂರು ನಿನ್ನ ತರಗತಿಯಿಂದ ಹದಿನಾಲ್ಕು ಕಿಲೋಮೀಟರು. ಅಲ್ಲಿಂದ ನಿನ್ನಲ್ಲಿಗೆ ಯಾರಾದರೂ ಬರುತ್ತಾರೆಯೇ?

ಕಲ್ಪನ

*

ಬಂಗಾರಪೇಟೆ
೧೯ ಜುಲೈ ೨೦೨೪

ಮಿಸ್,

ಆ ಸಂಸ್ಥೆಯವರು ಹನ್ನೆರಡನೆಯ ತಾರೀಖು ಅದನ್ನು ತೆಗೆದುಹಾಕಿದರು. ಬೇಕಾದರೆ ಶ್ರೀಧರ್ ಅವರಿಗೆ ಹುಡುಕಿ ನೋಡಲು ಹೇಳಿ.

ನಿಮ್ಮ ಎರಡು ಪ್ರಶ್ನೆಗೂ ಉತ್ತರ: ಇಲ್ಲ. ಯಾರೂ ಇಲ್ಲ.

ಇನ್ನೊಂದು ಮಾತು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇದೂ ಒಳಗೇ ಉಳಿಯುತ್ತದೆ. ನಾನು ನಿಮ್ಮ ಕಥೆಯನ್ನು ಬಳಸಿಕೊಂಡೆ ಎನ್ನುತ್ತೀರಿ. ನೀವು ಆ ಹೆಂಗಸನ್ನು ಇಪ್ಪತ್ತಮೂರು ಸಲ ಬಳಸಿಕೊಂಡಿದ್ದೀರಿ. ಹೆಸರೂ ಬದಲಿಸದೆ, ಪಾಠಕ್ಕೆಂದು. ಆಕೆಯನ್ನು ಯಾರು ಕೇಳಿದರು?

ಕ್ಷಮಿಸಿ. ಹರಿಯಬೇಕೆಂದುಕೊಂಡೆ, ಸೆಲ್ವರಾಜ್ ಬಾಗಿಲಲ್ಲಿ ನಿಂತಿದ್ದಾನೆ. 'ಬೇಗ ಮೇಡಂ, ಗಾಡಿ ನಿಮ್ ಮಾವಂದಾ, ನಿಲ್ಲಕ್ಕೆ?' ಅನ್ನುತ್ತಿದ್ದಾನೆ.

ರಾಧ

*

ಬಂಗಾರಪೇಟೆ
೮ ಸೆಪ್ಟೆಂಬರ್ ೨೦೨೪, ಭಾನುವಾರ

ಕಲ್ಪನ ಮೇಡಂ ಅವರಿಗೆ,

ನಮಸ್ಕಾರ. ನನ್ನ ಹೆಸರು ಜ್ಯೋತಿಲಕ್ಷ್ಮಿ. ಬಿ.ಎಸ್ಸಿ. ನರ್ಸಿಂಗ್ ಮಾಡಿದ್ದೇನೆ. ರಾಧ ಮಿಸ್ ಅವರ ಬಳಿ ಲಿಸನಿಂಗ್ ಮತ್ತು ಸ್ಪೀಕಿಂಗ್ ಕಲಿತೆ. ನೀವು ನನ್ನನ್ನು ನೋಡಿಲ್ಲ. ನೀವು ಯಾರ ಮಗಳೆಂದು ನನಗೆ ಗೊತ್ತು. ನಾನು ನಿಮ್ಮೂರಿನ ಲಕ್ಷ್ಮೀದೇವಮ್ಮನ ಮೊಮ್ಮಗಳು.

ಏಪ್ರಿಲ್ ಇಪ್ಪತ್ತರಂದು ತರಗತಿಯಲ್ಲಿ ಹಾಲಿನ ಕ್ಯಾನಿನ ಆಡಿಯೋ ಕೇಳಿಸಿದರು. ಡೈರಿ, ಕೆರೆಯ ಕಟ್ಟೆ, ಅಜ್ಜಿಯ ಹೆಸರು, ಆ ಅಡ್ಡಹೆಸರು. ನಾನು ಎದ್ದು ನಿಂತು, ಇದು ಯಾರ ಕಥೆ ಮಿಸ್ ಎಂದೆ. ನನ್ನದು ಎಂದರು. ಹಾಗಾದರೆ ನೀವು ನಮ್ಮೂರಿನವರಾ ಎಂದೆ. ಅವರು ಮುಂದಿನ ಪಾಠಕ್ಕೆ ಹೋದರು. ಆಮೇಲೆ ಒಬ್ಬಳನ್ನೇ ಕರೆದು ನಿಜ ಹೇಳಿದರು, ನಿಮ್ಮ ಹೆಸರೂ ಹೇಳಿದರು. ಪರೀಕ್ಷೆ ಮುಗಿಯುವವರೆಗೆ ಯಾರಿಗೂ ಹೇಳಬೇಡ, ಮನಸ್ಸು ಕದಡುತ್ತದೆ ಎಂದು ಮಾತು ತೆಗೆದುಕೊಂಡರು. ಆಗಸ್ಟ್‌ನಲ್ಲಿ ಪರೀಕ್ಷೆ ಮುಗಿಯಿತು. ಅಂಕ ಬಂದಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಜ್ಜಿಗೆ ಇನ್ನೂ ಹೇಳಿಲ್ಲ. ಆದರೆ ಹೋದ ವಾರ ಹೂ ಕಟ್ಟುತ್ತಾ ಕೂತಿದ್ದಾಗ ಕೇಳಿದೆ: 'ಅಜ್ಜೀ, ಆವತ್ತು ನಿನ್ ಹಾಲಿಗೆ ನೀರು ಹೆಂಗ್ ಬಂತು?' ಇಷ್ಟು ವರ್ಷದಲ್ಲಿ ನಾವ್ಯಾರೂ ಅದನ್ನು ಕೇಳಿರಲಿಲ್ಲ. ಅಜ್ಜಿ ಹೂವಿನಿಂದ ಕಣ್ಣೆತ್ತದೆ ಹೇಳಿತು. ಅಜ್ಜಿಯ ಮಾತನ್ನು ಹಾಗೆಯೇ ಬರೆಯುತ್ತೇನೆ, ಕೇಳಿದ್ದನ್ನು ಬದಲಿಸಬಾರದೆಂದು ನಮಗೆ ಕಲಿಸಿದ್ದಾರೆ.

'ಆ ಆದಿಲಕ್ಷ್ಮಿ ಮಾಡಿದ್ದು ಕಣಮ್ಮಿ. ಒಂದೇ ತಟ್ಟೇಲಿ ಉಂಡೋರು ನಾವು. ನಂದು ಸುರ್ಕಂಡು ನೀರ್ ಉಯ್ದವ್ಳೆ. ಉಯ್ದು ಆ ಮಗೀನ ಕೈಲಿ ಕೊಟ್ ಕಳ್ಸವ್ಳೆ. ಪಾಪ, ಮಗು, ಅದ್ಕೇನ್ ಗೊತ್ತು. ನಾನು ಒಂದ್ ಮಾತೂ ಕೇಳ್ನಿಲ್ಲ. ಅವಳ್ ಸತ್ತಾಗ್ಲೂ ಓಗ್ನಿಲ್ಲ. ಮಣ್ಣಾಕಕ್ಕೂ ಓಗ್ನಿಲ್ಲ. ಕದದ ಇಂದೆ ನಿಂತ್ಕಂಡು ತಮಟೆ ಕೇಳುಸ್ಕಂಡೆ.'

ಆದಿಲಕ್ಷ್ಮಿ ಎಂದರೆ ನಿಮ್ಮ ತಾಯಿ.

ಮೇಡಂ, ನನಗೆ ನಿಮ್ಮ ಮೇಲೆ ಸಿಟ್ಟಿದೆ. ಒಂಬತ್ತು ವರ್ಷದ ಮಗುವಿನ ಮೇಲಿಲ್ಲ. ಆಮೇಲೆ ದೊಡ್ಡವರಾದಿರಲ್ಲ, ಅವರ ಮೇಲೆ. ನಮ್ಮ ಮದುವೆ ಮನೆಗಳಲ್ಲಿ ಅಜ್ಜಿ ಪಾಯಸ ಬಡಿಸಲು ಬಂದರೆ, 'ನೀರ್‌ಲಚ್ಚುಮಿ ಬಂದ್ಲು, ಲೋಟ ನೋಡ್ಕಳ್ರಪ್ಪ' ಎಂದು ಈಗಲೂ ಅನ್ನುತ್ತಾರೆ. ಅಜ್ಜಿಯೂ ನಗುತ್ತದೆ. ನಗುವುದು ಅಭ್ಯಾಸವಾಗಿದೆ.

ನಾನು ಹೇಳಲೋ, ನೀವು ಬಂದು ಹೇಳುತ್ತೀರೋ ತಿಳಿಸಿ. ನವೆಂಬರ್‌ನಲ್ಲಿ ನಾನು ಕೆಲಸಕ್ಕೆ ಸೇರುತ್ತೇನೆ. ಅದಕ್ಕೆ ಮುಂಚೆ ಆಗಬೇಕು. ನೀವು ಬರುವುದಾದರೆ ಒಂದು ವಿಷಯ ತಿಳಿದಿರಲಿ. ಅಜ್ಜಿಗೆ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಕೂಗಿ ಹೇಳಬೇಕು. ನಮ್ಮದು ಜಗುಲಿ ಮನೆ, ಅಜ್ಜಿ ಒಳಗೆ ಕೂರುವುದಿಲ್ಲ. ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ.

ಇಂತಿ
ಜ್ಯೋತಿಲಕ್ಷ್ಮಿ

*

ಆಂಡರ್ಸನ್‌ಪೇಟೆ
೧೨ ಸೆಪ್ಟೆಂಬರ್ ೨೦೨೪

ರಾಧ,

ಏಪ್ರಿಲ್ ೨೦ರಂದು ಜ್ಯೋತಿಲಕ್ಷ್ಮಿ ನಿನ್ನ ಎದುರಿಗೆ ಎದ್ದು ನಿಂತಳು. ಜುಲೈ ೨ರಂದು ನಾನು ಕೇಳಿದೆ. ಜುಲೈ ೧೯ರಂದು ನೀನು 'ಯಾರೂ ಇಲ್ಲ' ಎಂದು ಬರೆದೆ.

ಕಥೆ ಕೊಂಡುಹೋದದ್ದನ್ನು ನಾನು ಒಂದು ದಿನ ಮರೆಯುತ್ತಿದ್ದೆನೋ ಏನೋ. ಇದನ್ನಲ್ಲ. ನೇರ ಕೇಳಿದ ಪ್ರಶ್ನೆಗೆ ನೇರ ಸುಳ್ಳು, ಅದೂ ಬರವಣಿಗೆಯಲ್ಲಿ. ಧ್ವನಿ ಮೋಸ ಮಾಡೀತೆಂದು ಕಾಗದ ಕೇಳಿದವಳು ನಾನು.

ನಿನ್ನ ಬಳಿ ನನ್ನ ತರಗತಿಯ ಬೀಗದ ಕೈ ಒಂದಿದೆ. ಸೆಲ್ವರಾಜ್ ಕೈಯಲ್ಲಿ ಕಳಿಸು.

ಕಲ್ಪನ

*

ಬಂಗಾರಪೇಟೆ
೨೩ ಸೆಪ್ಟೆಂಬರ್ ೨೦೨೪

ಮಿಸ್,

ಬೀಗದ ಕೈ ಈ ಲಕೋಟೆಯಲ್ಲಿದೆ. ಹನ್ನೊಂದು ವರ್ಷ ನನ್ನ ಮನೆಯ ಕೀಲಿಗಳ ಗೊಂಚಲಲ್ಲೇ ಇತ್ತು. ತೆಗೆಯುವಾಗ ಉಗುರು ಮುರಿಯಿತು.

ಹೌದು, ಸುಳ್ಳು ಬರೆದೆ. ಆ ಹುಡುಗಿಯ ಒಳ್ಳೆಯದಕ್ಕೆ ಮಾತು ತೆಗೆದುಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅವಳು ಎದ್ದು ನಿಂತಾಗ ನನಗೆ ಮೊದಲು ಹೊಳೆದದ್ದು, ಮಿಸ್‌ಗೆ ಗೊತ್ತಾದರೆ ನನ್ನನ್ನು ಇನ್ನು ಕರೆಯುವುದಿಲ್ಲ ಎಂದು. ನಿಮ್ಮ ಕಾಗದ ಬಂದಾಗ ಅದೇ ಭಯ. ದಿನ ಹೋದಂತೆ ಹೇಳುವುದು ಕಷ್ಟವಾಗುತ್ತಾ ಹೋಯಿತು. ಮೊದಲ ದಿನ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು, ನೂರನೆಯ ದಿನಕ್ಕೆ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಯಿತು.

ಇದನ್ನು ಸಮರ್ಥನೆಯೆಂದು ಓದಬೇಡಿ. ನಾನು ಮುಚ್ಚಿಟ್ಟದ್ದು ಐದು ತಿಂಗಳು, ನೀವು ಮೂವತ್ತೈದು ವರ್ಷ. ಮುಚ್ಚಿಡುವುದು ಹೇಗೆ ಬೆಳೆಯುತ್ತದೆಂದು ನಾನು ಯಾರಿಗೂ ವಿವರಿಸಲಾರೆ, ವಿವರಿಸಬೇಕಾಗಿಲ್ಲದವರು ನೀವೊಬ್ಬರೇ.

ನೀವು ಊರಿಗೆ ಹೋಗುವುದಾದರೆ ಜೊತೆಗೆ ಬರುತ್ತೇನೆ. ಜಗುಲಿಯ ಹತ್ತಿರ ಬರುವುದಿಲ್ಲ, ಬಸ್ಸಿನಲ್ಲಿ ಮಾತ್ರ.

ರಾಧ

*

ಆಂಡರ್ಸನ್‌ಪೇಟೆ
೨೪ ಅಕ್ಟೋಬರ್ ೨೦೨೪, ಗುರುವಾರ

ರಾಧ,

ಬೀಗದ ಕೈ ತಲುಪಿತು. ಒಂದು ತಿಂಗಳು ಮೇಜಿನ ಮೇಲೆ ಹಾಗೆಯೇ ಇಟ್ಟಿದ್ದೆ.

ನಾನು ಅಮ್ಮನ ಬಗ್ಗೆ ಯೋಚಿಸುತ್ತಿದ್ದೆ. ನಾಲ್ಕು ನಿಮಿಷದ ಆ ಕಥೆಯಲ್ಲಿ ಅಮ್ಮ ಒಂದೇ ಸಲ ಬರುತ್ತಾಳೆ, ಎರಡು ಕ್ಯಾನು ನನ್ನ ಕೈಗೆ ಕೊಡುವಾಗ. ಆಮೇಲೆ ಇಲ್ಲ. ಮುನ್ನೂರು ಜನರಲ್ಲಿ ಒಬ್ಬರೂ, ನೀನೂ, ತಾಯಿ ಎಲ್ಲಿ ಹೋದಳು ಎಂದು ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳಿ ಎಂದು ಪಾಠ ಮಾಡಿದವಳು ನಾನು.

ಅಮ್ಮ ಎಲ್ಲಿ ಹೋದಳೆಂದು ಈಗ ಹೇಳುತ್ತೇನೆ. ಲಕ್ಷ್ಮೀದೇವಮ್ಮ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ಪ್ರತಿ ಯುಗಾದಿಗೆ ಅಮ್ಮ ಹೋಳಿಗೆ ಬೇಯಿಸಿ ನಾಲ್ಕು ಎತ್ತಿಡುತ್ತಿದ್ದಳು. ಅಪ್ಪ ಮುನಿಸ್ವಾಮಪ್ಪ ರೇಗಿಸುತ್ತಿದ್ದ: 'ಯಾರ್ಗೆತ್ತಿಕ್ಕಿದ್ದೀಯಾ, ನೆಂಟ ಬತ್ತಾನಾ?' ಅಮ್ಮ, 'ಲಚ್ಚುಮಿಗೆ ನಾಚ್ಕೆ ಆಗೈತೆ. ನೀರ್ ಬೆರ್ಸಿದ್ದು ಊರಿಗೆಲ್ಲಾ ಗೊತ್ತಾಗೋಯ್ತಲ್ಲ. ನಾನೇ ಓಗಿ ಕರುದ್ರೆ ಇನ್ನೂ ಕುಗ್ತಾಳೆ. ತಾನಾಗೇ ಬತ್ತಾಳೆ ಬುಡಿ' ಎನ್ನುತ್ತಿದ್ದಳು. ಸಂಜೆಗೆ ಆ ನಾಲ್ಕು ಹೋಳಿಗೆ ನನಗೆ. ತಿನ್ನುತ್ತಿದ್ದೆ.

೨೦೧೬ರಲ್ಲಿ ಅಮ್ಮ ಸಾಯುವವರೆಗೆ, ಇಪ್ಪತ್ತೇಳು ಯುಗಾದಿ. ಗೋಡೆಯ ಆಚೆ ಒಬ್ಬಳು, ಈಚೆ ಒಬ್ಬಳು. ಇಬ್ಬರೂ ತಪ್ಪು ಇನ್ನೊಬ್ಬಳದೆಂದುಕೊಂಡು, ಇಬ್ಬರೂ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದರು. ನಡುವೆ ನಾನು. ನಾನು ಒಬ್ಬಳ ಹೆಸರು ಕೆಡಿಸಿದೆ ಎಂದುಕೊಂಡಿದ್ದೆ. ಇಬ್ಬರ ಸ್ನೇಹವನ್ನೂ ಆ ತೊಟ್ಟಿಯ ನೀರಿಗೆ ಹಾಕಿದ್ದೆ, ಅದು ಗೊತ್ತಿರಲಿಲ್ಲ.

ನಿನ್ನ ಜುಲೈ ಕಾಗದದಲ್ಲಿ ಒಂದು ಮಾತಿತ್ತು. ಆಕೆಯನ್ನು ಯಾರು ಕೇಳಿದರು ಎಂದು. ಆಗ ಆ ಕಾಗದವನ್ನು ಎರಡು ತುಂಡು ಮಾಡಿದೆ. ಈಗ ಆ ಮಾತಿಗೆ ಉತ್ತರ: ಸರಿ. ನೀನು ಮಾಡಿದ್ದು ಅದರಿಂದ ಸರಿಯಾಗುವುದಿಲ್ಲ.

ಕಳೆದ ಎರಡು ವಾರ ಕನ್ನಡದಲ್ಲಿ ಹೇಳಲು ಅಭ್ಯಾಸ ಮಾಡಿದೆ. ತರಗತಿಯಲ್ಲಿ ಎಲ್ಲರಿಗೂ ಮಾಡಿಸುವಂತೆ ಗಡಿಯಾರ ಎದುರಿಗಿಟ್ಟುಕೊಂಡು. ಇಂಗ್ಲಿಷಿನಲ್ಲಿ ನಾಲ್ಕು ನಿಮಿಷ ಬೇಕಾಗಿತ್ತು: ಕೆರೆಯ ಮೇಲಿನ ಬೆಳಕು, ಹಾಲು ಮಣ್ಣಿನಲ್ಲಿ ಇಂಗುವ ಬಗೆ, ಎಲ್ಲ. ಕನ್ನಡದಲ್ಲಿ ಅವು ಯಾವುವೂ ಬರಲಿಲ್ಲ. ಬಂದದ್ದು ಇಷ್ಟು: 'ಲಚ್ಚುಮಕ್ಕ, ಆವತ್ತು ನೀರ್ ಬೆರ್ಸಿದ್ದು ನಾನು. ನಮ್ಮಮ್ಮ ಅಲ್ಲ.' ಆರು ಸೆಕೆಂಡು.

ಮೊದಲು ಮೆಲ್ಲಗೆ ಹೇಳಿದೆ. ಆಮೇಲೆ ನೆನಪಾಯಿತು, ಎಡಗಿವಿ. ಮಾಳಿಗೆಗೆ ಹೋಗಿ ಕೂಗಿ ನೋಡಿದೆ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಕುಪ್ಪುಸ್ವಾಮಿಯವರು ಗಾಬರಿಯಾಗಿ, 'ಅಯ್ಯೋ, ಯಾರ್ ಮೇಡಂ ನೀರ್ ಬೆರ್ಸಿದ್ದು? ನಮ್ ಹಾಲಿನೋನಾ? ನಂಗೆ ಮೊದ್ಲೇ ಅನುಮಾನ!' ಎಂದರು. 'ನಾನೇ' ಎಂದೆ. ಅವರು ನಕ್ಕರು. ಈ ಸಲ ನಾನು ನಗಲಿಲ್ಲ.

ಕೆಲವು ವಿಷಯ ಸ್ಪಷ್ಟವಾಗಿರಲಿ. ಇದನ್ನು ನಿನ್ನನ್ನು ಕ್ಷಮಿಸಿದ ಕಾಗದವೆಂದು ಓದಬೇಡ. ಡಿಸೆಂಬರಿನ ತಂಡಕ್ಕೆ ನಾನೊಬ್ಬಳೇ ಪಾಠ ಮಾಡುತ್ತೇನೆ. ಕೊನೆಯ ವಾರದ ಆ ಕಥೆ ಇನ್ನು ತರಗತಿಯಲ್ಲಿ ಇರುವುದಿಲ್ಲ, ಅದನ್ನು ಹೇಳಬೇಕಾದ ಕಡೆ ಹೇಳಿದ ಮೇಲೆ ಪಾಠಕ್ಕೆ ಉಳಿಯುವುದಿಲ್ಲ. ನಿನ್ನ ಮೊದಲ ನಾಲ್ಕು ನಿಮಿಷ ನನ್ನಲ್ಲಿ ಹಾಗೆಯೇ ಇರುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಜ್ಯೋತಿಲಕ್ಷ್ಮಿಗೆ ಬರೆದಿದ್ದೇನೆ. ಅಜ್ಜಿಯನ್ನು ಒಳಗೆ ಕರೆದು ಕೂರಿಸಲೇ ಎಂದು ಅವಳು ಕೇಳಿದಳು. ಬೇಡ, ಜಗುಲಿಯಲ್ಲೇ ಇರಲಿ ಎಂದೆ. ವೆಂಕಟರಾಯಪ್ಪ ಹಾಲು ಚೆಲ್ಲಿದ್ದೂ ಬೀದಿಯಲ್ಲೇ.

ಭಾನುವಾರ ಬೆಳಗಿನ ಗಾಡಿಗೆ ಹೋಗುವುದೆಂದು ನಿರ್ಧರಿಸಿದ್ದೇನೆ. ನೀನು ಬಸ್ಸಿಗೂ ಬರಬೇಡ. ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ದಾರಿ ನಿನ್ನ ತರಗತಿಯ ಕಿಟಕಿಯ ಕೆಳಗೇ. ಕಂಡರೆ ಕರೆಯಬೇಡ. ನೀನು ಕರೆದರೆ ನಿಲ್ಲುತ್ತೇನೆ, ನಿಂತರೆ ಮೇಲೆ ಬರುತ್ತೇನೆ, ಬಂದರೆ ಆ ಬಸ್ಸು ತಪ್ಪುತ್ತದೆ.

ಇವತ್ತು ಗುರುವಾರ, ಇನ್ನು ಮೂರು ದಿನ ಇದೆ.

ಕಲ್ಪನ